ಬ್ರೆಡ್ಡು, ಜಾಮು ಮತ್ತು ನಿಂತುಹೋದ ತಿದ್ದುಪಡಿ

ಅಮೆರಿಕದ ಸಂವಿಧಾನಕ್ಕೆ ಸಮಾನ ಹಕ್ಕುಗಳ ತಿದ್ದುಪಡಿ (ಇಆರ್‌ಎ) ಸೇರುವುದು 1972ರಲ್ಲಿ ಹೆಚ್ಚುಕಡಿಮೆ ಖಚಿತವಾಗಿತ್ತು. ಹೆಣ್ಣು ಅಥವಾ ಗಂಡು ಎಂಬ ಕಾರಣಕ್ಕೆ ಕಾನೂನು ಯಾರ ಹಕ್ಕನ್ನೂ ಕಿತ್ತುಕೊಳ್ಳಬಾರದು ಎಂಬುದಷ್ಟೇ ಅದರ ತಿರುಳು. 1923ರಿಂದ ಮತ್ತೆ ಮತ್ತೆ ಮಂಡನೆಯಾಗುತ್ತ ಬಂದಿದ್ದ ಅದನ್ನು ಕೊನೆಗೂ ಕೆಳಮನೆ 354–24 ಮತಗಳಿಂದ, ಸೆನೆಟ್ 84–8 ಮತಗಳಿಂದ ಒಪ್ಪಿದವು. ಅಧ್ಯಕ್ಷ ನಿಕ್ಸನ್ ಅವರ ಬೆಂಬಲವೂ ಇತ್ತು. ಸೆನೆಟ್ ಒಪ್ಪಿದ ಮಾರ್ಚ್ 22ರಂದೇ ಹವಾಯಿ ರಾಜ್ಯ ಅನುಮೋದನೆ ಕೊಟ್ಟಿತು. 1973ರ ಕೊನೆಯ ಹೊತ್ತಿಗೆ 30 ರಾಜ್ಯಗಳು ಒಪ್ಪಿಯಾಗಿತ್ತು. ಬೇಕಾಗಿದ್ದದ್ದು 50ರಲ್ಲಿ 38. ಗಡುವು 1979ರ ಮಾರ್ಚ್.

ಉಳಿದ ಎಂಟು ರಾಜ್ಯಗಳು ಗಡುವಿನೊಳಗೆ ಸಿಗಲೇ ಇಲ್ಲ. ಗಡುವನ್ನು 1982ರ ಜೂನ್ 30ರವರೆಗೆ ವಿಸ್ತರಿಸಿದರೂ ಲೆಕ್ಕ 35ಕ್ಕೇ ನಿಂತಿತು. ನೆಬ್ರಾಸ್ಕಾ, ಟೆನೆಸಿ, ಐಡಾಹೊದಂಥ ರಾಜ್ಯಗಳು ಕೊಟ್ಟ ಒಪ್ಪಿಗೆಯನ್ನೂ ಹಿಂತೆಗೆದುಕೊಂಡವು. ಎರಡೂ ಪಕ್ಷಗಳ ದಿಗ್ಗಜರು ಒಪ್ಪಿದ್ದ ಈ ತಿದ್ದುಪಡಿಯನ್ನು ತಡೆದವರಲ್ಲಿ ಮುಂದೆ ನಿಂತವರು ಹೆಂಗಸರೇ, ಅದರಲ್ಲೂ ಬಹುಪಾಲು ಗೃಹಿಣಿಯರು.

ಅವರ ನಾಯಕಿ ಫಿಲ್ಲಿಸ್ ಶ್ಲಾಫ್ಲಿ. ಇಲಿನಾಯ್ ರಾಜ್ಯದಲ್ಲಿ, ಮಿಸಿಸಿಪ್ಪಿ ನದಿಯ ದಡದ ಆಲ್ಟನ್ ಪಟ್ಟಣದವರು. ಆರು ಮಕ್ಕಳ ತಾಯಿ. ಎರಡನೇ ಮಹಾಯುದ್ಧದ ಕಾಲದಲ್ಲಿ ಸೇಂಟ್ ಲೂಯಿಸಿನ ಮದ್ದುಗುಂಡು ಕಾರ್ಖಾನೆಯ ರಾತ್ರಿ ಪಾಳಿಯಲ್ಲಿ ಬಂದೂಕು ಹಾರಿಸಿ ಗುಂಡುಗಳನ್ನು ಪರೀಕ್ಷಿಸುತ್ತ ಕಾಲೇಜಿನ ಖರ್ಚು ತೂಗಿಸಿಕೊಂಡ ಹುಡುಗಿ. 1952ರಲ್ಲಿ, ಮತ್ತೆ 1970ರಲ್ಲಿ ಸಂಸತ್ತಿಗೆ ನಿಂತು ಸೋತರು. 1964ರಲ್ಲಿ ರಿಪಬ್ಲಿಕನ್ ಪಕ್ಷದಿಂದ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದ ಗೋಲ್ಡ್‌ವಾಟರ್ ಪರವಾಗಿ ತಾವೇ ಬರೆದು ಅಚ್ಚು ಹಾಕಿಸಿದ ಪುಸ್ತಕ 30 ಲಕ್ಷ ಪ್ರತಿಗಳಿಗೂ ಹೆಚ್ಚು ಹೋಯಿತು. ಅಂಗಡಿಗಿಂತ ಕೈಯಿಂದ ಕೈಗೆ ಹಂಚಿಕೆಯಾದದ್ದೇ ಹೆಚ್ಚು. ಕಂತೆಗಟ್ಟಲೆ ಕೊಂಡು ನೆರೆಹೊರೆಗೆ ಕೊಡುವ ಕಾರ್ಯಕರ್ತೆಯರು ಎಲ್ಲೆಲ್ಲಿದ್ದಾರೆ ಎಂಬುದನ್ನು ಅವರು ಆಗಲೇ ಕಂಡುಕೊಂಡಿದ್ದರು.

1967ರಿಂದ ಅವರು ಒಂದು ಮಾಸಿಕ ಸುದ್ದಿಪತ್ರ ನಡೆಸುತ್ತಿದ್ದರು. ಅದರ ವಿಷಯ ಹೆಚ್ಚಾಗಿ ಸೋವಿಯತ್ ಬೆದರಿಕೆ, ಕ್ಷಿಪಣಿ, ರಕ್ಷಣಾ ನೀತಿ. 1972ರ ಫೆಬ್ರವರಿ ಸಂಚಿಕೆಯಲ್ಲಿ ಮೊದಲ ಬಾರಿಗೆ ಈ ತಿದ್ದುಪಡಿಯನ್ನು ಖಂಡಿಸಿ ಬರೆದರು. ಕೆಲವೇ ವಾರಗಳಲ್ಲಿ ಒಕ್ಲಹೋಮಾದ ಓದುಗರೊಬ್ಬರಿಂದ ಸುದ್ದಿ ಬಂತು: ಆ ಸಂಚಿಕೆಯನ್ನು ಶಾಸಕರಿಗೆ ತೋರಿಸಿದೆವು, ನಮ್ಮ ರಾಜ್ಯ ತಿದ್ದುಪಡಿಯನ್ನು ತಿರಸ್ಕರಿಸಿತು. ಆ ವರ್ಷವೇ 'ಸ್ಟಾಪ್ ಇಆರ್‌ಎ' ಹುಟ್ಟಿತು. ರಾಜ್ಯಕ್ಕೊಬ್ಬ ಮುಖ್ಯಸ್ಥೆ, ಅವರ ಕೈಕೆಳಗೆ ಫೋನಿನಿಂದ ಫೋನಿಗೆ ಹಬ್ಬುವ ಸರಪಳಿ. ಕ್ಯಾಮೆರಾ ಮುಂದೆ ಹೇಗೆ ಕೂರಬೇಕು, ಕೆರಳಿಸುವ ಪ್ರಶ್ನೆಗೆ ಮುಖ ಗಂಟಿಕ್ಕದೆ ಹೇಗೆ ಉತ್ತರಿಸಬೇಕು ಎಂಬುದಕ್ಕೂ ತರಬೇತಿ ಇತ್ತು. ಟೆಕ್ಸಾಸಿನ ಫೋರ್ಟ್ ವರ್ತ್‌ನಲ್ಲಿ ಲಾಟಿ ಬೆತ್ ಹಾಬ್ಸ್ ಎಂಬ ಧಾರ್ಮಿಕ ಲೇಖಕಿ ಗುಲಾಬಿ ಕಾಗದದ ಕರಪತ್ರವೊಂದನ್ನು ಹೊರಡಿಸಿದರು. ಅದು ದಕ್ಷಿಣದ ಚರ್ಚುಗಳಲ್ಲೆಲ್ಲ ಹರಿದಾಡಿತು. ಕ್ಯಾಥೊಲಿಕರಾದ ಶ್ಲಾಫ್ಲಿ, ಬ್ಯಾಪ್ಟಿಸ್ಟರು, ಮಾರ್ಮನ್ನರು ಅಲ್ಲಿಯವರೆಗೆ ಒಂದು ಮೇಜಿನ ಸುತ್ತ ಕೂತವರಲ್ಲ. ಈ ಹೋರಾಟ ಅವರನ್ನು ಕೂರಿಸಿತು.

ಕೆಲಸ ಹೇಗೆ ನಡೆಯಿತು ಎಂಬುದನ್ನು ಇಲಿನಾಯ್ ರಾಜಧಾನಿ ಸ್ಪ್ರಿಂಗ್‌ಫೀಲ್ಡಿನಲ್ಲಿ ನೋಡಬೇಕು. ಮತದಾನದ ದಿನ ಬಂತೆಂದರೆ ಊರೂರಿಂದ ಹೆಂಗಸರು ಬಂದು ಶಾಸನಸಭೆಯ ಹಜಾರ ತುಂಬುತ್ತಿದ್ದರು. ಕೈಯಲ್ಲಿ ಮನೆಯಲ್ಲೇ ಸುಟ್ಟ ಬ್ರೆಡ್ಡು, ಮನೆಯಲ್ಲೇ ಕಾಯಿಸಿದ ಜಾಮು, ಸೇಬಿನ ಪೈ. ದುಡಿದು ತರುವವರಿಗೆ ಬೇಯಿಸಿಡುವವರ ಕೊಡುಗೆ ಎಂಬ ಅರ್ಥದ ಚೀಟಿಯೂ ಜೊತೆಗಿರುತ್ತಿತ್ತು. ಒಬ್ಬೊಬ್ಬ ಶಾಸಕನಿಗೂ ಅವನ ಕ್ಷೇತ್ರದವರೇ ಎದುರಾಗಿ ಕೊಡುತ್ತಿದ್ದರು. ಮುಂದಿನ ಚುನಾವಣೆಯಲ್ಲಿ ತನಗೆ ಮತ ಹಾಕಬೇಕಾದವಳು ಜಾಮಿನ ಬಾಟಲಿ ಹಿಡಿದು ನಿಂತಾಗ ಶಾಸಕನಾದವನು ತಲೆ ತಗ್ಗಿಸಿ ದಾಟಿಹೋಗುವುದು ಸುಲಭವಲ್ಲ.

ಅವರ ವಾದಗಳಲ್ಲಿ ಕೆಲವು ಬರೀ ಹೆದರಿಕೆ. ಗಂಡಸರಿಗೂ ಹೆಂಗಸರಿಗೂ ಒಂದೇ ಶೌಚಾಲಯ ಬರುತ್ತದೆ ಎಂಬ ಮಾತು ಅಂಥದ್ದು. ಹೆಣ್ಣುಮಕ್ಕಳನ್ನು ಕಡ್ಡಾಯವಾಗಿ ಸೈನ್ಯಕ್ಕೆ ಎಳೆಯುತ್ತಾರೆ ಎಂಬುದು ವಿಯೆಟ್ನಾಂ ಯುದ್ಧ ಇನ್ನೂ ಮುಗಿಯದ ಆ ದಿನಗಳಲ್ಲಿ ತಾಯಂದಿರ ಎದೆಗೆ ನೇರ ತಾಕುತ್ತಿತ್ತು. ಇನ್ನೊಂದು ಆತಂಕವನ್ನು ಮಾತ್ರ ಹಗುರವಾಗಿ ತಳ್ಳಿಹಾಕುವಂತಿಲ್ಲ. ಯಾರ ತಪ್ಪನ್ನೂ ಸಾಬೀತು ಮಾಡದೆ ವಿಚ್ಛೇದನ ಪಡೆಯುವ ಕಾನೂನು 1970ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾರಿಗೆ ಬಂದು ಬೇರೆ ರಾಜ್ಯಗಳಿಗೆ ಹಬ್ಬುತ್ತಿತ್ತು. ಇಪ್ಪತ್ತು ವರ್ಷ ಮನೆವಾರ್ತೆ ನೋಡಿಕೊಂಡು, ಸ್ವಂತ ಸಂಬಳವಿಲ್ಲದೆ ಬದುಕಿದ ಹೆಂಗಸಿಗೆ ಹೆಂಡತಿಯನ್ನು ಪೋಷಿಸುವ ಗಂಡನ ಹೊಣೆಯನ್ನು ಈ ತಿದ್ದುಪಡಿಯೂ ಸಡಿಲಿಸುತ್ತದೆ ಎಂಬ ಮಾತು ಅನ್ನದ ಪ್ರಶ್ನೆಯಾಗಿ ಕೇಳಿಸಿತು. ತಿದ್ದುಪಡಿಯ ಪರ ಇದ್ದವರು ಈ ಭಯವನ್ನು ಹೊತ್ತಿಗೆ ಸರಿಯಾಗಿ ಅರ್ಥ ಮಾಡಿಕೊಳ್ಳಲಿಲ್ಲ. ಅವರ ದೊಡ್ಡ ಎಡವಟ್ಟು ಅದೇ.

ನಿಯಮಗಳೂ ವಿರೋಧಿಗಳ ಕಡೆಗಿದ್ದವು. ಭಾರತದಲ್ಲಿ 368ನೇ ವಿಧಿಯಡಿ ಕೆಲವು ತಿದ್ದುಪಡಿಗಳಿಗೆ ಅರ್ಧದಷ್ಟು ರಾಜ್ಯಗಳ ಒಪ್ಪಿಗೆ ಸಾಕು. ಲಿಂಗಭೇದ ಸಲ್ಲದೆಂಬ 15ನೇ ವಿಧಿಯಂತೂ ಸಂವಿಧಾನದ ಜೊತೆಗೇ ಬಂತು. ಅಮೆರಿಕದಲ್ಲಿ ಮುಕ್ಕಾಲು ಪಾಲು ರಾಜ್ಯಗಳು ಬೇಕು. ಅಂದರೆ 13 ರಾಜ್ಯಗಳನ್ನು ಹಿಡಿದಿಟ್ಟರೆ ಮುಗಿಯಿತು. ಇಲಿನಾಯ್ ಇನ್ನೂ ಬಿಗಿ: ಅನುಮೋದನೆಗೆ ಐದರಲ್ಲಿ ಮೂರು ಪಾಲು ಮತ ಬೇಕೆಂದು ಶಾಸನಸಭೆ ಪಟ್ಟು ಹಿಡಿಯಿತು. 1980ರ ಜೂನ್ 18ರಂದು ಕೆಳಮನೆಯಲ್ಲಿ ಪರ 102, ವಿರುದ್ಧ 71 ಮತ ಬಿದ್ದವು. ಬಹುಮತವಿದ್ದೂ ತಿದ್ದುಪಡಿ ಸೋತಿತು, 107 ಬೇಕಿತ್ತು.

1982ರ ಬೇಸಿಗೆಯಲ್ಲಿ ಅದೇ ಸ್ಪ್ರಿಂಗ್‌ಫೀಲ್ಡಿನಲ್ಲಿ ಏಳು ಹೆಂಗಸರು ತಿದ್ದುಪಡಿಗಾಗಿ 37 ದಿನ ಉಪವಾಸ ಕೂತರು. ಅವರ ಛಲ ದೊಡ್ಡದು. ಆದರೆ ಹೊತ್ತು ಮೀರಿತ್ತು. ಹತ್ತು ವರ್ಷ ಮುಂಚೆಯೇ ಕ್ಷೇತ್ರ ಕ್ಷೇತ್ರಗಳಲ್ಲಿ ಬೇರು ಬಿಟ್ಟಿದ್ದ ಜಾಲವನ್ನು ಕೊನೆಯ ತಿಂಗಳ ತ್ಯಾಗ ಅಲುಗಾಡಿಸಲಾಗಲಿಲ್ಲ.

ಆ ಜಾಲ ಈ ಗೆಲುವಿಗೇ ನಿಲ್ಲಲಿಲ್ಲ. 1940ರಿಂದ ತನ್ನ ಪ್ರಣಾಳಿಕೆಯಲ್ಲಿ ಈ ತಿದ್ದುಪಡಿಯನ್ನು ಬೆಂಬಲಿಸುತ್ತ ಬಂದಿದ್ದ ರಿಪಬ್ಲಿಕನ್ ಪಕ್ಷ, ರೇಗನ್ ಅಭ್ಯರ್ಥಿಯಾದ 1980ರಲ್ಲಿ ಆ ಬೆಂಬಲವನ್ನು ಕೈಬಿಟ್ಟಿತು. ಶ್ಲಾಫ್ಲಿ 1975ರಲ್ಲಿ ಕಟ್ಟಿದ ಈಗಲ್ ಫೋರಂ ಶಾಲಾ ಪಠ್ಯ, ಗರ್ಭಪಾತದಂಥ ವಿಷಯಗಳನ್ನು ಹಿಡಿದು ರಾಜ್ಯ ರಾಜಕೀಯದಲ್ಲಿ ಉಳಿಯಿತು. ಗೃಹಿಣಿಯರ ಪರ ದೇಶವಿಡೀ ಸುತ್ತುತ್ತಿದ್ದ ನಡುವೆಯೇ ಅವರು ಕಾನೂನು ಓದಿ 1978ರಲ್ಲಿ ಪದವಿ ಪಡೆದರು. ಮನೆಯೇ ಹೆಣ್ಣಿನ ನೆಲೆ ಎಂದು ಹೇಳುತ್ತಿದ್ದವರ ಸ್ವಂತ ಬದುಕು ಮನೆಯ ಹೊಸಿಲನ್ನು ಎಂದೋ ದಾಟಿತ್ತು. ಅವರ ವಾದವನ್ನು ತೂಗುವವರು ಇದನ್ನು ಬಿಟ್ಟು ತೂಗಲಾಗದು.

ಶ್ಲಾಫ್ಲಿ 2016ರ ಸೆಪ್ಟೆಂಬರಿನಲ್ಲಿ ತೀರಿಕೊಂಡರು. ಮರುವರ್ಷ ನೆವಾಡಾ, 2018ರ ಮೇ ತಿಂಗಳಲ್ಲಿ ಇಲಿನಾಯ್, 2020ರ ಜನವರಿಯಲ್ಲಿ ವರ್ಜೀನಿಯಾ ತಿದ್ದುಪಡಿಯನ್ನು ಅನುಮೋದಿಸಿದವು. ಎಣಿಕೆ 38 ಮುಟ್ಟುವ ಹೊತ್ತಿಗೆ ಗಡುವು ಕಳೆದು ಮೂವತ್ತೇಳು ವರ್ಷ ದಾಟಿತ್ತು.