ಸಂತನಲ್ಲದ ರಮೋನನ ಊರು

ಕ್ಯಾಲಿಫೋರ್ನಿಯಾದ ಕಾಂಟ್ರಾ ಕೋಸ್ಟಾ ಕೌಂಟಿಯ ದಕ್ಷಿಣದಲ್ಲಿ, ಡಯಾಬ್ಲೊ ಬೆಟ್ಟದ ಕೆಳಗಿನ ಕಣಿವೆಯಲ್ಲಿ ಸ್ಯಾನ್ ರಮೋನ್ ಇದೆ. 2020ರ ಜನಗಣತಿಯ ಲೆಕ್ಕಕ್ಕೆ 84,605 ಜನ. ಅವರಲ್ಲಿ ಸರಿಸುಮಾರು ಅರ್ಧದಷ್ಟು ಏಷ್ಯಾ ಮೂಲದವರು. ನಗರಸಭೆಯಾದದ್ದು 1983ರ ಜುಲೈ 1ರಂದು. ಬೇ ಏರಿಯಾದ ಕನ್ನಡಿಗರಲ್ಲಿ ಒಂದು ಮಾತಿದೆ: ಒಳ್ಳೆಯ ಶಾಲೆಗಳಿವೆ, ಮನೆಗಳಿವೆ, ಆಫೀಸುಗಳಿವೆ, ಆದರೆ ನಲವತ್ತು ವರ್ಷದ ಊರಿಗೆ ಚರಿತ್ರೆ ಎಲ್ಲಿಂದ ಬರಬೇಕು? ಚರಿತ್ರೆ ಎಂದರೆ ಕೋಟೆ, ಗುಡಿ, ಪಾಳೆಯಗಾರ ಎಂದುಕೊಂಡವರಿಗೆ ಇಲ್ಲಿ ಏನೂ ಸಿಗುವುದಿಲ್ಲ, ನಿಜ. ಈ ನೆಲದಲ್ಲಿ ಏನು ಬರಬೇಕು, ಏನು ಬರಕೂಡದು ಎಂದು ಹೇಳುವವರು ಯಾರು ಎಂಬ ವ್ಯಾಜ್ಯವೇ ಈ ಊರಿನ ಚರಿತ್ರೆ. ಆ ವ್ಯಾಜ್ಯದಲ್ಲಿ ಕಕ್ಷಿದಾರರಾದವರು ಬಹುಪಾಲು ಸಾಮಾನ್ಯ ನಿವಾಸಿಗಳು.

ಹೆಸರಿನಿಂದಲೇ ನೋಡಬಹುದು. 'ಸ್ಯಾನ್' ಎಂದರೆ ಸಂತ. ಹಾಗಾಗಿ ಯಾವುದೋ ಸಂತ ರಮೋನನ ಹೆಸರಿರಬೇಕು ಎಂದು ಯಾರಾದರೂ ಊಹಿಸುತ್ತಾರೆ. ಆದರೆ 1855ರ ಭೂ ಹಕ್ಕಿನ ಮೊಕದ್ದಮೆಯೊಂದರಲ್ಲಿ ಜಮೀನುದಾರ ಹೊಸೆ ಮರಿಯಾ ಅಮಡೋರ್ ನುಡಿದ ಸಾಕ್ಷಿ ಬೇರೆಯೇ ಇದೆ: ಇಲ್ಲಿನ ಹಳ್ಳಕ್ಕೆ ಆ ಹೆಸರು ಬಂದದ್ದು ಬಹಳ ಹಿಂದೆ ಅಲ್ಲಿ ಕುರಿಗಳನ್ನು ನೋಡಿಕೊಳ್ಳುತ್ತಿದ್ದ ರಮೋನ್ ಎಂಬ ಪಾರುಪತ್ಯಗಾರನಿಂದ. ಆತ ಮೂಲನಿವಾಸಿ ಎಂಬ ಹೇಳಿಕೆಯೂ ಇದೆ. ಕಣಿವೆ ಆಗ ಮಿಷನ್ ಸ್ಯಾನ್ ಹೊಸೆಯ ಹುಲ್ಲುಗಾವಲು. ಸ್ಪ್ಯಾನಿಷ್ ರೂಢಿಗೆ ಹೊಂದಲೆಂದು 'ಸ್ಯಾನ್' ಆಮೇಲೆ ಅಂಟಿಕೊಂಡಿತು. ಅಮಡೋರ್ ಜಮೀನಿಗಾಗಿ ಬಡಿದಾಡುತ್ತಿದ್ದವನು, ಅವನ ಮಾತನ್ನು ಹೇಗೆ ನಂಬುವುದು ಎಂದು ಕೇಳಬಹುದು. ಹಳ್ಳಕ್ಕೆ ಸಂತನ ಹೆಸರಿದ್ದರೂ ಕುರಿಯವನ ಹೆಸರಿದ್ದರೂ ಅವನ ಹಕ್ಕಿಗೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ಸುಳ್ಳು ಹೇಳಲು ಕಾರಣ ಕಾಣುವುದಿಲ್ಲ. ನಮಗೇನೂ ಇದು ಹೊಸತಲ್ಲ. ರಾಜ, ಅಜ್ಜಿ, ಬೆಂದ ಕಾಳಿನ ಕಥೆಯನ್ನೇ ಬೆಂಗಳೂರು ಹೇಳಿಕೊಂಡು ಬಂದರೂ, ಸುಮಾರು 890ರ ಬೇಗೂರು ಶಾಸನದಲ್ಲಿ ಹೆಸರು ಆಗಲೇ ಕೂತಿದೆ. ಅಲ್ಲಿ ದಂತಕಥೆ ಹೆಸರಿಗೆ ರಾಜನನ್ನು ತಂದಿತು, ಇಲ್ಲಿ ಕುರಿಯವನನ್ನೇ ಸಂತ ಮಾಡಿತು. ನಡುವೆ ಊರು ಬ್ರೆವೆನ್ಸ್‌ವಿಲ್, ಲಿಂಚ್‌ವಿಲ್, ಐರಿಷರು ಬಂದ ಮೇಲೆ ಲಿಮರಿಕ್ ಎಂದೂ ಕರೆಸಿಕೊಂಡಿತು. 1891ರಲ್ಲಿ ಸದರ್ನ್ ಪೆಸಿಫಿಕ್ ರೈಲು ಬಂದ ಮೇಲೆಯೇ ಸ್ಯಾನ್ ರಮೋನ್ ನಿಂತದ್ದು.

ರೈಲು ಹೆಸರನ್ನು ಉಳಿಸಿತು, ತಾನು ಉಳಿಯಲಿಲ್ಲ. 1978ರಲ್ಲಿ ಹಳಿ ಕೈಬಿಟ್ಟಿತು, 1986ರಿಂದ ಅದೇ ಜಾಡಿನಲ್ಲಿ ಐರನ್ ಹಾರ್ಸ್ ಟ್ರೇಲ್ ಎಂಬ ಕಾಲುದಾರಿ ತೆರೆಯತೊಡಗಿತು. ಅಷ್ಟರಲ್ಲಿ ದೊಡ್ಡ ಪ್ರಶ್ನೆ ಎದ್ದಿತ್ತು. 1970ರಲ್ಲಿ ವೆಸ್ಟರ್ನ್ ಎಲೆಕ್ಟ್ರಿಕ್ ಕಂಪನಿ, ಪೇರಳೆ ಮತ್ತು ವಾಲ್‌ನಟ್ ಬೆಳೆಯುತ್ತಿದ್ದ ಬಿಷಪ್ ರ‍್ಯಾಂಚ್‌ನ 1,733 ಎಕರೆ ಕೊಂಡು ಹೊಸ ಪಟ್ಟಣ ಕಟ್ಟುವ ಯೋಜನೆ ಮುಂದಿಟ್ಟಿತು. ಕೊನೆಗೆ ಅಲ್ಲಿ ಬಂದದ್ದು ಮನೆಗಳು ಮತ್ತು 585 ಎಕರೆಯ ಆಫೀಸು ಪಾರ್ಕು. ಇಂಥ ತೀರ್ಮಾನಗಳು ಮಾರ್ಟಿನೆಜ್‌ನ ಕೌಂಟಿ ಕಚೇರಿಯಲ್ಲಿ ಆಗುತ್ತಿದ್ದವು. ಊರಿಗೆ ತನ್ನದೇ ಬಾಯಿ ಇರಲಿಲ್ಲ. 1983ರ ಮಾರ್ಚ್‌ನಲ್ಲಿ ಮತದಾರರು ನಗರಸಭೆ ಬೇಕೆಂದದ್ದು ಆ ಬಾಯಿಗಾಗಿ.

ಬಾಯಿ ಬಂದರೂ ಗೆಲುವು ಬರಲಿಲ್ಲ ಎನ್ನುವವರಿದ್ದಾರೆ, ಮತ್ತು ಡಹರ್ಟಿ ವ್ಯಾಲಿ ಅವರ ಬಲವಾದ ಸಾಕ್ಷಿ. ಅಲ್ಲಿ 11,000 ಮನೆಗಳ ಯೋಜನೆಗೆ ಕೌಂಟಿ ಒಪ್ಪಿಗೆ ಕೊಟ್ಟಾಗ ಅಕ್ಕಪಕ್ಕದ ಊರುಗಳು ಕೋರ್ಟಿಗೆ ಹೋದವು, 1994ರಲ್ಲಿ ರಾಜಿಯಾಯಿತು, ಮನೆಗಳು ಬಂದವು. ನಿಜವೇ. ಆದರೆ ರಾಜಿ ಬರಿಗೈಯಲ್ಲಿ ಮುಗಿಯಲಿಲ್ಲ: ರಸ್ತೆಯ ದಟ್ಟಣೆಗೆ, ಮನೆಗಳ ಸಂಖ್ಯೆಗೆ ಷರತ್ತುಗಳು ಬಿದ್ದವು. ಜೊತೆಗೆ ಊರು ಪಾಠ ಕಲಿಯಿತು. 1999ರಲ್ಲಿ, ನಗರದ ಸಾಮಾನ್ಯ ಯೋಜನೆಗೇ ಮತದಾರರ ಒಪ್ಪಿಗೆ ಬೇಕೆಂಬ ಮೆಷರ್ ಜಿ ಗೆದ್ದಿತು. 2002ರಲ್ಲಿ ಅಂಥ ಯೋಜನೆ, ಅದರೊಂದಿಗೆ ಊರಿನ ಬೆಳವಣಿಗೆಗೆ ಒಂದು ಗಡಿ, ಮತದಲ್ಲಿ ಪಾಸಾದವು. 2010ರಲ್ಲಿ ಆ ಗಡಿಯನ್ನು ಪೂರ್ವದ ತಸ್ಸಹಾರಾ ಕಣಿವೆಗೆ ಹಿಗ್ಗಿಸುವ ಮೆಷರ್ ಡಬ್ಲ್ಯೂ ಬಂದಾಗ, 1971ರಿಂದ ಬೆಟ್ಟ ಕಾಯುತ್ತಿರುವ ಸೇವ್ ಮೌಂಟ್ ಡಯಾಬ್ಲೊ, ಗ್ರೀನ್‌ಬೆಲ್ಟ್ ಅಲಯನ್ಸ್‌ನಂಥ ಸಂಘಗಳು ವಿರೋಧಿಸಿದವು. ಮತದಾರರು ಭಾರಿ ಅಂತರದಿಂದ ತಳ್ಳಿಹಾಕಿದರು.

ಇನ್ನೊಂದು ಆಕ್ಷೇಪ ಇದಕ್ಕಿಂತ ಮೊನಚು: ತಾವು ಮನೆ ಮಾಡಿಕೊಂಡ ಮೇಲೆ ಬಾಗಿಲು ಹಾಕುವುದೇ ಈ ಸಂಘಗಳ ಕೆಲಸವಲ್ಲವೇ? ಇದನ್ನು ಸುಲಭವಾಗಿ ತಳ್ಳಲಾಗದು. ಹಳೆಯ ನಿವಾಸಿಗಳು ಬೇಡವೆಂದ ಡಹರ್ಟಿ ವ್ಯಾಲಿಯ ಮನೆಗಳಲ್ಲೇ ಇಂದು ನೂರಾರು ಭಾರತೀಯ ಕುಟುಂಬಗಳಿವೆ, ಕನ್ನಡದವೂ ಇವೆ. ಅಂದು ಬಾಗಿಲು ಪೂರ್ತಿ ಮುಚ್ಚಿದ್ದರೆ ನಾವು ಇಲ್ಲಿರುತ್ತಿರಲಿಲ್ಲ. ಹಾಗೆ ಬಂದವರಿಗೂ ಮುಂದಿನ ಕಣಿವೆಯ ಬಗ್ಗೆ ಮತ ಹಾಕುವ ಹಕ್ಕು ದೊರೆತಿದೆ. ಎಲ್ಲಿ ಗೆರೆ ಎಳೆಯಬೇಕು ಎಂಬುದು ತಪ್ಪಾಗಬಹುದು. ಎಳೆಯುವ ಕೈ ಕೌಂಟಿಯದೋ ಕಂಪನಿಯದೋ ಆಗದೆ ಅಲ್ಲಿ ವಾಸಿಸುವವರದಾಗಿರುವುದು ತಪ್ಪಲ್ಲ.

ಒಂದು ತಕರಾರು ಮಾತ್ರ ಉಳಿದಿದೆ. ಇಷ್ಟು ಹೋರಾಡಿದ ಊರು ತನ್ನ ನೆನಪನ್ನು ಕಾಯುವುದರಲ್ಲಿ ಕೈ ಬಿಗಿ. ಕಣಿವೆಯ ಮ್ಯೂಸಿಯಂ ನೋಡಲು ಪಕ್ಕದ ಡ್ಯಾನ್‌ವಿಲ್‌ನ ಹಳೆಯ ರೈಲು ನಿಲ್ದಾಣಕ್ಕೇ ಹೋಗಬೇಕು. ಇಲ್ಲಿ ಫಾರೆಸ್ಟ್ ಹೋಮ್ ಫಾರ್ಮ್ಸ್ ಇದೆ: ರೂತ್ ಬೂನ್ 1997ರಲ್ಲಿ ನಗರಕ್ಕೆ ಬಿಟ್ಟುಕೊಟ್ಟ 16 ಎಕರೆ ತೋಟದ ಮನೆ, ವಾಲ್‌ನಟ್ ಸಂಸ್ಕರಿಸುತ್ತಿದ್ದ ಕೊಟ್ಟಿಗೆ, ಡೇವಿಡ್ ಗ್ಲಾಸ್ 1877ರಲ್ಲಿ ಕಟ್ಟಿಸಿದ ಮನೆ. ಅಲ್ಲಿ ಟ್ರ್ಯಾಕ್ಟರುಗಳ ಸಾಲೇ ಇದೆ. ರಮೋನನಿಗೂ ಅವನ ಕುರಿಗಳಿಗೂ ಅಲ್ಲೊಂದು ಮೂಲೆ ಕೊಟ್ಟರೆ ಜಾಗವೇನೂ ಕಡಿಮೆಯಾಗದು.