ಸೈನಸ್ ಶಸ್ತ್ರಚಿಕಿತ್ಸೆಯಲ್ಲಿ ರಕ್ತಸ್ರಾವ ನಿಯಂತ್ರಣ: ಇತಿಹಾಸ

ಮೂಗಿನ ಒಳಪದರದಲ್ಲಿ ರಕ್ತನಾಳಗಳು ದಟ್ಟವಾಗಿವೆ. ಸೋಂಕಿನಿಂದ ಊದಿಕೊಂಡಾಗ ಉಪಕರಣ ಸೋಕಿದರೂ ರಕ್ತ ಜಿನುಗುತ್ತದೆ. ಸೈನಸ್‌ಗಳ ಪಕ್ಕದಲ್ಲೇ ಕಣ್ಣಿನ ಗುಳಿ, ಮೇಲೆ ಮಿದುಳು. ಆದ್ದರಿಂದ ಇಲ್ಲಿ ರಕ್ತ ತಡೆಯುವ ಮುಖ್ಯ ಉದ್ದೇಶ ರಕ್ತ ಉಳಿಸುವುದಲ್ಲ, ವೈದ್ಯರ ಕಣ್ಣಿಗೆ ದಾರಿ ಕಾಣಿಸುವುದು.

1884ರಲ್ಲಿ ವಿಯೆನ್ನಾದ ಕಾರ್ಲ್ ಕೊಲ್ಲರ್ ಕೊಕೇನ್ ಹನಿಗಳಿಂದ ಕಣ್ಣನ್ನು ಮರಗಟ್ಟಿಸಬಹುದೆಂದು ತೋರಿಸಿದರು. ಮೂಗಿನ ವೈದ್ಯರಿಗೆ ಅದು ಎರಡು ಪಟ್ಟು ಉಪಯೋಗಕ್ಕೆ ಬಂತು: ನೋವೂ ಅಡಗಿತು, ರಕ್ತನಾಳಗಳೂ ಕುಗ್ಗಿದವು. ಅಮೆರಿಕದಲ್ಲಿ ನೆಲೆಸಿದ್ದ ಜಪಾನಿ ರಸಾಯನಶಾಸ್ತ್ರಜ್ಞ ಜೋಕಿಚಿ ತಕಾಮಿನೆ 1901ರಲ್ಲಿ ಪ್ರಕಟಿಸಿದ ಅಡ್ರಿನಲಿನ್ ಇನ್ನೂ ಪ್ರಬಲ ಅಸ್ತ್ರವಾಯಿತು. 1940ರ ದಶಕದಲ್ಲಿ ಇಂಗ್ಲೆಂಡಿನ ಮಾಫೆಟ್ ಈ ಎರಡಕ್ಕೂ ಅಡುಗೆ ಸೋಡಾ ಬೆರೆಸಿ, ರೋಗಿಯ ತಲೆಯನ್ನು ಇಳಿಬಿಟ್ಟು ಮೂಗಿಗೆ ಹಾಕುವ ದ್ರಾವಣವನ್ನು ರೂಢಿಗೆ ತಂದರು.

ಮೇಲ್ತುಟಿಯ ಒಳಗಿನಿಂದ ಕೊಯ್ದು ಕೆನ್ನೆಯ ಸೈನಸ್ ತೆರೆಯುವ ಕಾಲ್ಡ್‌ವೆಲ್-ಲುಕ್ ಶಸ್ತ್ರಚಿಕಿತ್ಸೆಯಲ್ಲಿ ಗಾಯ ದೊಡ್ಡದು. ಬಟ್ಟೆಯ ಪಟ್ಟಿ ಒತ್ತಿ ತುಂಬಿ ರಕ್ತ ನಿಲ್ಲಿಸಲು ಅಲ್ಲಿ ಜಾಗವಿತ್ತು. ಆಸ್ಟ್ರಿಯಾದ ಗ್ರಾಟ್ಸ್‌ನಲ್ಲಿ ಮೆಸ್ಸರ್‌ಕ್ಲಿಂಗರ್ ರೂಪಿಸಿದ, ಅಮೆರಿಕದ ಡೇವಿಡ್ ಕೆನಡಿ 1985ರಲ್ಲಿ ಹೆಸರಿಟ್ಟು ಪ್ರಚುರಪಡಿಸಿದ ಎಂಡೋಸ್ಕೋಪಿಕ್ ವಿಧಾನ ಈ ಅನುಕೂಲವನ್ನು ಕಸಿದುಕೊಂಡಿತು. 4 ಮಿಲಿಮೀಟರ್ ದಪ್ಪದ ದರ್ಶಕದ ತುದಿಗೆ ಒಂದು ಹನಿ ಅಂಟಿದರೂ ಪರದೆಯೆಲ್ಲ ಕೆಂಪು. ಕೊಳವೆ ಹೊರತೆಗೆಯಬೇಕು, ಒರೆಸಬೇಕು, ಮತ್ತೆ ಒಳಗೆ ಹಾಕಬೇಕು.

ಇಲ್ಲಿಂದ ಮುಂದಿನ ಸುಧಾರಣೆಯಲ್ಲಿ ಹೆಚ್ಚಿನ ಪಾಲು ಅರಿವಳಿಕೆ ತಜ್ಞರದೇ ಎನ್ನಬೇಕು. ರಕ್ತದೊತ್ತಡ ಇಳಿಸಿದರೆ ಸಾಕೆಂಬ ಹಳೆಯ ನಂಬಿಕೆಯನ್ನು ದಕ್ಷಿಣ ಆಫ್ರಿಕಾದ ಬೋಜಾರ್ಟ್ ಮತ್ತು ಸಂಗಡಿಗರು 1995ರಲ್ಲಿ ಪ್ರಶ್ನಿಸಿದರು. ರಕ್ತನಾಳ ಹಿಗ್ಗಿಸುವ ನೈಟ್ರೋಪ್ರುಸೈಡ್‌ಗಿಂತ ಹೃದಯಬಡಿತ ನಿಧಾನಿಸುವ ಎಸ್ಮೊಲಾಲ್ ಕೊಟ್ಟಾಗ, ಒತ್ತಡ ಅಷ್ಟೇನೂ ಇಳಿಯದಿದ್ದರೂ ನೋಟ ಹೆಚ್ಚು ಸ್ವಚ್ಛವಾಗಿತ್ತು. ರಕ್ತಸ್ರಾವ ಅಳೆಯಲು ಅವರು ಬಳಸಿದ 0ಯಿಂದ 5ರವರೆಗಿನ ಅಳತೆ ಈಗಲೂ ಚಾಲ್ತಿಯಲ್ಲಿದೆ. 5 ಎಂದರೆ ಸಕ್ಷನ್ ಎಳೆದುಕೊಳ್ಳುವುದಕ್ಕಿಂತ ವೇಗವಾಗಿ ರಕ್ತ ತುಂಬುವ ಸ್ಥಿತಿ. ಪ್ರೊಪೊಫಾಲನ್ನು ರಕ್ತನಾಳಕ್ಕೆ ಹನಿಸುತ್ತಾ ಕೊಡುವ ಅರಿವಳಿಕೆ, ಮೇಜಿನ ತಲೆಭಾಗವನ್ನು ತುಸು ಎತ್ತುವುದು, ರಕ್ತಸ್ರಾವ ತಗ್ಗಿಸುವ ಟ್ರಾನೆಕ್ಸಾಮಿಕ್ ಆಮ್ಲ ಇವೂ ಬಳಕೆಗೆ ಬಂದವು.

ಈ ಶಸ್ತ್ರಚಿಕಿತ್ಸೆಯಲ್ಲಿ ಮಿದುಳಿಗೆ ರಕ್ತ ಒಯ್ಯುವ ಶೀರ್ಷಧಮನಿಗೆ ಪೆಟ್ಟಾಗುವುದು ಬಲು ಅಪರೂಪ, ಆದರೆ ಜೀವಕ್ಕೇ ಅಪಾಯ. ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ವರ್ಮಾಲ್ಡ್ ತಂಡ ಕುರಿಗಳ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ಜಜ್ಜಿದ ಸ್ನಾಯುವಿನ ತುಂಡನ್ನು ಗಾಯಕ್ಕೆ ಒತ್ತಿ ಹಿಡಿಯುವುದು ಫಲಕಾರಿಯೆಂದು ಕಂಡುಬಂತು. ಸಾಮಾನ್ಯ ಸ್ರಾವದಲ್ಲೂ ನೋಟ ತೀರಾ ಮಸುಕಾದರೆ ಪಟ್ಟಿ ತುಂಬಿ ಶಸ್ತ್ರಚಿಕಿತ್ಸೆಯನ್ನು ಅಲ್ಲಿಗೇ ನಿಲ್ಲಿಸುವುದು ಇಂದಿಗೂ ಸರಿಯಾದ ನಿರ್ಧಾರ.