ಕಾರ್ಣಿಕ

ಕಾರಣ ತರ್ಕದವರ ಮಾತು. ಅದರ ಹೊಟ್ಟೆಯಲ್ಲೇ ಹುಟ್ಟಿದ ಕಾರಣಿಕ ಮಾತ್ರ ಭಕ್ತರ ಮನೆ ಸೇರಿತು. ಒಂದು ಕಾರಣ ಹೊತ್ತು ಭೂಮಿಗೆ ಬಂದವನನ್ನು ಕಾರಣಿಕ ಪುರುಷ ಅಂತ ಈಗಲೂ ಹೇಳುತ್ತೇವೆ. ಘಟ್ಟ ಇಳಿದರೆ ಅದೇ ಪದ ದೈವದ ಶಕ್ತಿಯಾಗುತ್ತದೆ. 'ಭಾರೀ ಕಾರಣಿಕದ ಜಾಗ' ಅನ್ನುತ್ತಾರೆ ಕರಾವಳಿಯವರು. ಕಡೂರು ಸೀಮೆಯಲ್ಲಿ ಅದು ಸವೆದು ಕಾರ್ಣಿಕವಾಗಿದೆ. ಇಲ್ಲಿ ಕಾರ್ಣಿಕವನ್ನು ಭವಿಷ್ಯವಾಣಿಯಾಗಿ ನುಡಿಯುತ್ತಾರೆ.

ಬೀರೂರಿನ ಮಹಾನವಮಿ ಬಯಲಲ್ಲಿ ದಸರೆಯ ಹೊತ್ತಿಗೆ ಮೈಲಾರಲಿಂಗನ ಕಾರ್ಣಿಕ. ಹೂವಿನಹಡಗಲಿ ತಾಲ್ಲೂಕಿನ ಮೈಲಾರದಲ್ಲಿ ಭರತ ಹುಣ್ಣಿಮೆಯ ಜಾತ್ರೆಗೆ ಗೊರವಯ್ಯ ಬಿಲ್ಲೇರಿ 'ಸದ್ದಲೇ' ಅಂದ ಕೂಡಲೇ ಅಷ್ಟೂ ಜನ ಉಸಿರು ಬಿಗಿಹಿಡಿಯುತ್ತಾರಲ್ಲ, ಅದೇ ದೇವರ ಪರಂಪರೆ. ನುಡಿ ಬಹಳ ಚಿಕ್ಕದು. ಒಗಟಿನ ಹಾಗಿರುತ್ತದೆ.

ನನ್ನನ್ನು ಹಿಡಿದು ನಿಲ್ಲಿಸುವುದು ಆಮೇಲಿನ ಹೊತ್ತು. ಕೇಳಿದವರು ಅಲ್ಲೇ ವಾದಕ್ಕೆ ನಿಲ್ಲುತ್ತಾರೆ. ಒಬ್ಬ ಮಳೆ ಅಂದರೆ ಇನ್ನೊಬ್ಬ ಬರ ಅನ್ನುತ್ತಾನೆ, ಮತ್ತೊಬ್ಬನಿಗೆ ವಿಧಾನಸೌಧ ಕಾಣುತ್ತದೆ. ಮರುದಿನ ಪತ್ರಿಕೆಯಲ್ಲೂ ನುಡಿಯ ಜತೆಗೇ ಹಲವು ವಿಶ್ಲೇಷಣೆ. ನುಡಿಗೆ ಎಲ್ಲರೂ ಕೈಮುಗಿಯುತ್ತಾರೆ, ಅರ್ಥಕ್ಕೆ ಮಾತ್ರ ಯಾರೂ ಪೂರ್ತಿ ತಲೆಯಾಡಿಸುವುದಿಲ್ಲ. ಸಂಶಯಕ್ಕೂ ದೇವರ ಬಯಲಲ್ಲೇ ಜಾಗ ಸಿಕ್ಕಿದೆ.

ಹೇಗೆ ಬೇಕಾದರೂ ತಿರುಗುವ ಮಾತು ಸೋಲುವುದಾದರೂ ಹೇಗೆ ಎಂದು ವಿಚಾರವಾದಿಗಳು ಕೇಳುತ್ತಾರೆ. ಕೇಳಲೇಬೇಕಾದ ಪ್ರಶ್ನೆ. ರಾಜಕಾರಣಿಗಳು ತಮ್ಮ ಕುರ್ಚಿಗೆ ಕಾರ್ಣಿಕವನ್ನು ಎಳೆದುಕೊಂಡಾಗ ನಾನೂ ವಿಚಾರವಾದಿಗಳ ಪರವೇ. ಆದರೆ ಹುಸಿಹೋದ ವರ್ಷ 'ನಮಗೆ ತಿಳೀಲಿಲ್ಲ' ಅನ್ನುವ ರೈತನ ಮಾತನ್ನು ನುಣುಚಿಕೊಳ್ಳುವ ಮಾತೆಂದು ತಳ್ಳಿಹಾಕಲು ನನಗೆ ಮನಸ್ಸಾಗದು. ದೇವರ ಮನಸ್ಸು ತಮಗೆ ಪೂರ್ತಿ ಗೊತ್ತೆಂದು ಅಬ್ಬರಿಸುವವರನ್ನು ದಿನವೂ ಕೇಳುತ್ತಿದ್ದೇವೆ, ಅವರ ನಡುವೆ ಇದು ವಿನಯದ ಮಾತು.

ಈ ರೈತನ ನೆಲವನ್ನೇ ನೋಡಿ. ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ ಭದ್ರಾ ಜಲಾಶಯವಿದೆ. ಕಡೂರಿನ ಬಯಲೋ, ಬಾಬಾಬುಡನ್‌ಗಿರಿ ಸಾಲಿನ ಮರೆಗೆ ಬಿದ್ದ ಮಳೆನೆರಳಿನ ನೆಲ. ಬರಪೀಡಿತ ತಾಲ್ಲೂಕುಗಳ ಪಟ್ಟಿಯಲ್ಲಿ ಮತ್ತೆ ಮತ್ತೆ ಬರುವ ಹೆಸರು. ಅಜ್ಜಂಪುರದ ಈರುಳ್ಳಿಗೆ ಮಳೆ ಹೆಚ್ಚಾದರೆ ಕೊಳೆ, ಕಡಿಮೆಯಾದರೆ ಗೆಡ್ಡೆ ಊದದು. 'ಮಳೆ ನಂಬಿಕೊಂಡು ಬದುಕೋರು ನಾವು' ಅಂತ ಇಲ್ಲಿಯವರು ಹೇಳುವಾಗ ನಂಬು ಅನ್ನುವ ಮಾತಿನಲ್ಲಿ ಭರವಸೆಯಷ್ಟೇ ದಿಗಿಲೂ ಇರುತ್ತದೆ. ಕಾರ್ಣಿಕವನ್ನು ನಂಬುವುದೂ ಹಾಗೆಯೇ. ಒಳ್ಳೆಯ ಮಳೆಯ ನುಡಿ ಬಂತೆಂದು ಬೋರ್‌ವೆಲ್ ಕೊರೆಸುವುದನ್ನು ಬಿಡುವುದಿಲ್ಲ, ಬೆಳೆ ವಿಮೆ ಕಟ್ಟುವುದನ್ನೂ ಬಿಡುವುದಿಲ್ಲ. ಈರುಳ್ಳಿ ಹಾಕಿದವರು ಮನೆಗಿರಲಿ ಅಂತ ಅತ್ತ ಒಂದಿಷ್ಟು ರಾಗಿಯನ್ನೂ ಬಿತ್ತುತ್ತಾರೆ. ಇದನ್ನು ಅಪನಂಬಿಕೆ ಅನ್ನುವವರ ಎದುರು, ಅವರು ಭಕ್ತರಾಗಿರಲಿ ವಿಚಾರವಾದಿಗಳಾಗಿರಲಿ, ನಾನು ವಾದಕ್ಕೆ ನಿಲ್ಲುತ್ತೇನೆ.